ಕಣಾರೇಟ್ಟ ಕೈ ಹಿಡಿಯುತ್ತಿದ್ದದ್ದು ಯಾಕೆ

ಉಯ್ಯಾಲೆಯ ಏಣಿ ಹತ್ತುವ ಮೊದಲು ಕಣಾರೇಟ್ಟ ನಮ್ಮ ಐದೂ ಜನರ ಮಣಿಕಟ್ಟು ಹಿಡಿಯುತ್ತಿದ್ದರು. ಮೊದಲು ಅಂಗೈಗೆ ಬಿಳಿ ಪುಡಿ ಸವರುವುದು, ಆಮೇಲೆ ಮಣಿಕಟ್ಟು ಹಿಡಿದು ಕಣ್ಣು ಅರ್ಧ ಮುಚ್ಚಿ ನಿಲ್ಲುವುದು. ಬ್ಯಾಂಡಿನವರು ನಮ್ಮ ಆಟದ ರಾಗವನ್ನು ಒಂದು ಸುತ್ತು ಬಾರಿಸಿ ಮುಗಿಸುವ ತನಕ ಹಾಗೇ ನಿಂತು, ಕೊನೆಗೆ ‘ಹೋಗು’ ಅನ್ನುತ್ತಿದ್ದರು. ಒಬ್ಬೊಬ್ಬರಿಗೆ ಒಂದು ಸುತ್ತು, ಒಂದು ‘ಹೋಗು’. ಅಷ್ಟು ಹೊತ್ತು ಜನರನ್ನು ನಗಿಸಿ ಇಡುವುದು ಕೋಡಂಗಿಗಳ ಪಾಡು.

ಕಣಾರೇಟ್ಟ, ಅಂದರೆ ಕಣಾರಣ್ಣ, ನಮ್ಮ ಸರ್ಕಸ್ ಕಂಪನಿಯ ಕ್ಯಾಚರ್. ಆಚೆ ಉಯ್ಯಾಲೆಯಲ್ಲಿ ಮೊಣಕಾಲು ಸಿಕ್ಕಿಸಿ ತಲೆಕೆಳಗಾಗಿ ತೂಗುತ್ತಾ, ಈಚೆಯಿಂದ ಹಾರಿ ಬರುವ ನಮ್ಮನ್ನು ಹಿಡಿಯುವವರು. ಐವತ್ತು ದಾಟಿತ್ತು. ಮಾತು ಕಡಿಮೆ, ಮುಖದಲ್ಲಿ ಭಾವ ಅದಕ್ಕಿಂತಲೂ ಕಡಿಮೆ. ತಲೆಕೆಳಗಾಗಿ ತೂಗುವಾಗಲೂ ಕೂತುಪರಂಬಿನ ಬಸ್ಸಿಗೆ ಕಾಯುವವರ ಮುಖವೇ.

ನನ್ನ ಹುಟ್ಟುಗುಣ ಏನೆಂದರೆ, ಮುಚ್ಚಿದ ಪಾತ್ರೆ ಕಂಡರೆ ಮುಚ್ಚಳ ತೆಗೆದು ನೋಡದೆ ಇರಲಾರೆ. ಈ ಕೈ ಹಿಡಿಯುವುದು ಯಾಕೆ ಎಂದು ಕಂಪನಿಗೆ ಸೇರಿದ ಮೊದಲ ವರ್ಷವೇ ಎಲ್ಲರನ್ನೂ ಕೇಳಿದ್ದೆ. ಮುತ್ತಪ್ಪನ ಭಕ್ತರಲ್ಲವೇ, ಮನಸ್ಸಿನಲ್ಲೇ ಪ್ರಾರ್ಥನೆ ಮಾಡುತ್ತಾರೆ ಎಂದು ಬ್ಯಾಂಡಿನವರು ಹೇಳಿದರು. ಪುಡಿ ಚೆನ್ನಾಗಿ ಅಂಟಿದೆಯೋ ನೋಡುತ್ತಾರೆ ಎಂದಳು ನೇಪಾಳದ ಸಾನುಮಾಯಾ, ನನ್ನ ಜೊತೆ ಹಾರುವವಳು. ಮದುವೆಯಾಗದ ಗಂಡಸು, ಹುಡುಗಿಯರ ಕೈ ಹಿಡಿಯಲು ಇನ್ನೇನು ಕಾರಣ ಬೇಕು ಎಂದು ಕೋಡಂಗಿಯೊಬ್ಬ ಹಲ್ಲು ಕಿರಿದ. ಹಾಗಾದರೆ ನಮ್ಮ ಜೊತೆ ಹಾರುವ ದಾಮೋದರನ ಕೈಯನ್ನೂ ಅಷ್ಟೇ ಪ್ರೀತಿಯಿಂದ ಹಿಡಿಯುತ್ತಾರಲ್ಲ ಎಂದು ಕೇಳಿದ್ದಕ್ಕೆ ಅವನು ಇಂಗು ತಿಂದ ಮಂಗನ ಹಾಗೆ ನಿಂತ. ಕಣಾರೇಟ್ಟನನ್ನೇ ಕೇಳುವ ಧೈರ್ಯ ಮಾತ್ರ ನನಗೂ ಇರಲಿಲ್ಲ. ಏಳು ವರ್ಷ ಸುಮ್ಮನೆ ಕೈ ಕೊಟ್ಟೆ.

ನಮ್ಮ ಡೇರೆಯೊಳಗೆ ಇನ್ನೊಂದು ಕಟ್ಟಳೆ ಇತ್ತು. ಹೆದರಿಕೆ ಎಂಬ ಮಾತನ್ನು ಅಲ್ಲಿ ಯಾರೂ ಬಾಯಿಂದ ಹೊರಡಿಸಬಾರದು. ಅದು ಅಪಶಕುನ, ಕೇಳಿದವರಿಗೂ ಅಂಟುತ್ತದೆ. ಹಾಗಾಗಿ ಕೈಕಾಲು ತಣ್ಣಗಾದವರು, ನಾಲಿಗೆ ಒಣಗಿದವರು ಎಲ್ಲರೂ ‘ಹೊಟ್ಟೆ ಸರಿ ಇಲ್ಲ’ ಎಂದು ಹೇಳಿ ಅಡುಗೆಯವರ ಹತ್ತಿರ ಒಂದು ಲೋಟ ಜೀರಿಗೆ ನೀರು ಕುಡಿದು ಬರುತ್ತಿದ್ದರು. ನಮ್ಮ ಕಂಪನಿಯಷ್ಟು ಹೊಟ್ಟೆ ಕೆಟ್ಟವರು ಮಲಬಾರಿನಲ್ಲೇ ಇರಲಿಲ್ಲ. ಆದರೂ ಪ್ರತಿಯೊಬ್ಬರೂ ಉಳಿದವರಿಗೆ ನಿಜವಾಗಿಯೂ ಹೊಟ್ಟೆಯೇ ಕೆಟ್ಟಿರಬೇಕು, ಎದೆ ಹೊಡೆದುಕೊಳ್ಳುವುದು ತಮಗೊಬ್ಬರಿಗೇ ಎಂದು ನಂಬಿಕೊಂಡಿದ್ದರು. ಅದರಲ್ಲಿ ನಾನು ಎಲ್ಲರಿಗಿಂತ ದೊಡ್ಡ ಪೆದ್ದಿ.

ಸೇಲಂನಲ್ಲಿ ಒಂದು ಭಾನುವಾರ ಮೂರನೆಯ ಆಟದಲ್ಲಿ ನಾನು ಬಿದ್ದೆ. ಗಾಳಿಯಲ್ಲಿ ಎರಡು ಲಾಗ ಹಾಕಿ ಕಣಾರೇಟ್ಟನ ಕೈ ಸೇರುವುದು ನನ್ನ ಆಟ. ನಮ್ಮ ಪೈಕಿ ಅದು ನನಗೊಬ್ಬಳಿಗೇ ಬರುತ್ತಿತ್ತು, ಆ ಕಾರಣಕ್ಕೇ ಐದು ಜನರಲ್ಲಿ ನಡುವಿನ ಜಾಗ ನನ್ನದು. ಅವತ್ತು ರೆಪ್ಪೆ ಬಡಿಯುವಷ್ಟು ತಡವಾಯಿತು. ಅವರ ಬೆರಳು ನನ್ನ ಬೆರಳನ್ನು ಸವರಿ ಹೋಯಿತು. ಬಲೆಗೆ ಓರೆಯಾಗಿ ಬಿದ್ದು ಭುಜ ಜಾರಿತು. ಮೂಳೆಗೇನೂ ಆಗಲಿಲ್ಲ, ತಿಂಗಳೊಪ್ಪತ್ತು ಕೈ ಕಟ್ಟಿಕೊಂಡು ಕೂತೆ. ಸೌಮಿನಿ ಹೆದರಿ ಬಿದ್ದಳು ಎಂದು ಕಂಪನಿ ಒಳಗೊಳಗೇ ತೀರ್ಮಾನಿಸಿತು. ನಾನೂ ಅದನ್ನೇ ಒಪ್ಪಿಕೊಂಡೆ.

ಮತ್ತೆ ಏಣಿಯ ಹತ್ತಿರ ಬಂದಾಗಿನಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ. ಬ್ಯಾಂಡಿನ ಮೊದಲ ಕೊಂಬು ಕೇಳಿದ ಕೂಡಲೇ ಎದೆ ಡವಡವ. ಕಿವಿಯೊಳಗೆ ಬೇರೆಯೇ ಒಂದು ಡೋಲು. ಅಂಗೈ ಬೆವರಿ ಹಚ್ಚಿದ ಪುಡಿ ಹಿಟ್ಟಾಗುತ್ತಿತ್ತು. ಇದು ಬಂದರೆ ಬೀಳುತ್ತೇನೆ, ಇದನ್ನು ಮೊದಲು ನಿಲ್ಲಿಸಬೇಕು ಎಂದು ಉಸಿರು ಬಿಗಿಹಿಡಿದೆ, ನೂರರಿಂದ ಹಿಂದಕ್ಕೆ ಎಣಿಸಿದೆ, ಜೀರಿಗೆ ನೀರಂತೂ ಕೊಡಗಟ್ಟಲೆ ಕುಡಿದೆ. ನಿಲ್ಲು ಅಂದಷ್ಟೂ ಅದು ಜೋರಾಯಿತು. ಒಂಟಿ ಲಾಗಕ್ಕೂ ತಡವಾಗುತ್ತಿತ್ತು, ಏಕೆಂದರೆ ಕಣ್ಣು ಕಣಾರೇಟ್ಟನ ಕೈ ಮೇಲೆ ಇದ್ದರೂ ಗಮನವೆಲ್ಲ ನನ್ನ ಎದೆಯ ಕಾವಲಿಗೆ ನಿಂತಿತ್ತು. ಆಶ್ಚರ್ಯವೆಂದರೆ, ಅಷ್ಟೂ ದಿನ ಕಣಾರೇಟ್ಟ ನನ್ನ ನಡುಗುವ ಕೈ ಹಿಡಿದು ಒಂದು ಸುತ್ತು ಕಾದು ‘ಹೋಗು’ ಎಂದೇ ಹೇಳಿದರು.

ಅಂಥ ಹೊತ್ತಿನಲ್ಲೇ ಕಂಪನಿ ತಲಶ್ಶೇರಿಗೆ ಬಂತು. ಅದು ನನ್ನ ಊರು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಅದಕ್ಕೆ ತಲಶ್ಶೇರಿಗಿಂತ ಸಾಕ್ಷಿ ಬೇಡ. ಆ ಊರಲ್ಲಿ ಮೂರು ಮನೆಗೊಬ್ಬರು ಸರ್ಕಸ್ಸಿನಲ್ಲಿ ಬದುಕಿ ಬಂದವರು. ಬೇರೆ ಊರಲ್ಲಿ ಜನ ಬಾಯಿ ಬಿಟ್ಟು ನೋಡುವಾಗ, ನಮ್ಮ ಊರಿನ ಗ್ಯಾಲರಿಯಲ್ಲಿ ಮುಂಡು ಮಡಚಿ ಕೂತ ಮುದುಕರು ‘ಬೆರಳು ಬಿಡಿಸಿದ್ದು ಬೇಗ ಆಯ್ತು’ ಎಂದು ಕಡಲೆ ಸಿಪ್ಪೆ ಉಗಿಯುತ್ತಾರೆ. ಚಪ್ಪಾಳೆ ಅವರ ಕೈಯಿಂದ ಕಿತ್ತುಕೊಳ್ಳಬೇಕು. ಅವರ ನಡುವೆ ನನ್ನ ಅಮ್ಮ ಕೂರುತ್ತಾಳೆ. ತಂತಿಯ ಮೇಲೆ ಹನ್ನೆರಡು ವರ್ಷ ಸೈಕಲ್ ಬಿಟ್ಟವಳು. ತನಗೆ ಒಂದು ದಿನವೂ ಹೊಟ್ಟೆ ಕೆಟ್ಟದ್ದಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವಳು.

ಡೇರೆಯ ಕಂಬ ಏಳುವ ಮೊದಲೇ ಮ್ಯಾನೇಜರು ನನ್ನನ್ನು ಕರೆಸಿ, ಮೆತ್ತಗೆ ಮಾತಾಡಿದರು. ತಲಶ್ಶೇರಿಯಲ್ಲಿ ಮೊದಲ ಎರಡು ದಿನದೊಳಗೆ ಜೋಡಿ ಲಾಗ ಹಾಕಿ ತೋರಿಸಬೇಕು, ಆಗದಿದ್ದರೆ ನಡುವಿನ ಜಾಗ ಸಾನುಮಾಯಾಗೆ, ನನಗೆ ಸೈಕಲ್ ಆಟ. ಉಯ್ಯಾಲೆ ಮತ್ತೆ ಮುಟ್ಟುವ ಹಾಗಿಲ್ಲ. ಇಪ್ಪತ್ತಾರನೆಯ ವಯಸ್ಸಿಗೆ ಅಮ್ಮನ ಸೈಕಲ್ಲಿಗೇ ನಾನು ಹೋಗಿ ಮುಟ್ಟುವುದೇ? ಆ ಉಯ್ಯಾಲೆ ನನಗೆ ಅನ್ನಕ್ಕಿಂತ ಹೆಚ್ಚಾಗಿತ್ತು. ಅವತ್ತು ಕುದುರೆ ಕಟ್ಟುವ ಜಾಗದಲ್ಲಿ ಕೂತು ಚೆನ್ನಾಗಿ ಅತ್ತೆ.

ಮದ್ದಿನಂಗಡಿಯಲ್ಲಿ ಕೆಲಸಕ್ಕಿದ್ದ ನನ್ನ ಚಿಕ್ಕಪ್ಪನ ಮಗ ರಾಘವ ಸಹಾಯಕ್ಕೆ ಬಂದ. ಅವನಿಗೆ ಮಾತ್ರ ನಿಜ ಹೇಳಿದ್ದೆ. ಎದೆ ಹೊಡೆದುಕೊಳ್ಳುವುದನ್ನು ಇಳಿಸುವ ಮಾತ್ರೆ ಇದೆ, ವೇದಿಕೆ ಹತ್ತಿ ಭಾಷಣ ಮಾಡುವವರು, ಹಾಡುವವರೆಲ್ಲ ಗುಟ್ಟಾಗಿ ನುಂಗುತ್ತಾರೆ ಎಂದು ಕಾಗದದಲ್ಲಿ ಸುತ್ತಿ ಕೊಟ್ಟ. ವೈದ್ಯರನ್ನು ಕೇಳಿದವರಾರು? ಶುಕ್ರವಾರ ನಾಲ್ಕರ ಆಟಕ್ಕೆ ಒಂದು ಗಂಟೆ ಮೊದಲು ಒಂದನ್ನು ನುಂಗಿ ನೀರು ಕುಡಿದೆ.

ಅಬ್ಬ, ಏನು ನೆಮ್ಮದಿ ಅಂತೀರಿ. ಡೋಲು ನಿಂತಿತು. ಅಂಗೈ ಒಣಗಿತು. ಪರದೆಯ ಹಿಂದೆ ನಿಂತು ಗ್ಯಾಲರಿ ನೋಡಿದರೆ ಅಮ್ಮನೂ ಯಾರೋ ಬೇರೆಯವರ ಅಮ್ಮನಂತೆ ಕಂಡಳು. ಬ್ಯಾಂಡ್ ಮೇಷ್ಟ್ರ ಕೋಟಿನಲ್ಲಿ ಎರಡು ಗುಂಡಿ ಇಲ್ಲದ್ದು ಕಂಡಿತು. ಏಣಿಯ ಬುಡಕ್ಕೆ ನಡೆಯುವಾಗ ನನಗೆ ಆಕಳಿಕೆ ಬಂತು ಎಂದರೆ ನಂಬುತ್ತೀರಾ? ಗೆದ್ದೆ ಅಂದುಕೊಂಡೆ.

ಕಣಾರೇಟ್ಟ ಪುಡಿ ಸವರಿದರು, ಮಣಿಕಟ್ಟು ಹಿಡಿದರು. ಬ್ಯಾಂಡ್ ಒಂದು ಸುತ್ತು ಮುಗಿಸಿತು. ಅವರು ‘ಹೋಗು’ ಅನ್ನಲಿಲ್ಲ. ಎರಡನೆಯ ಸುತ್ತು ಶುರುವಾಯಿತು. ಏಳು ವರ್ಷದಲ್ಲಿ ಹೀಗೆ ಆದದ್ದೇ ಇಲ್ಲ. ಕೋಡಂಗಿಗಳು ತಮ್ಮ ಬಕೆಟ್ ಆಟ ಮುಗಿಸಿ ಮತ್ತೆ ಮೊದಲಿನಿಂದ ಆರಂಭಿಸಿದರು. ಕಣಾರೇಟ್ಟ ಕಣ್ಣು ತೆರೆದು ನನ್ನ ಮುಖ ನೋಡಿದರು.

“ಇವತ್ತು ನೀನು ಬೇಡ,” ಅಂದರು.

ಏನು ಎಂದು ನಾನು ಕೇಳುವಷ್ಟರಲ್ಲಿ ನನ್ನ ಕೈ ಬಿಟ್ಟು ಸಾನುಮಾಯಾಳ ಕೈ ಹಿಡಿದಿದ್ದರು. ನಾಲ್ಕು ಜನ ಹತ್ತಿದರು. ನಾನು ಮಿಣಮಿಣ ಬಟ್ಟೆ ಹಾಕಿಕೊಂಡು, ಇಡೀ ತಲಶ್ಶೇರಿಯ ಎದುರು, ಏಣಿಯ ಬುಡದಲ್ಲಿ ನೆಟ್ಟ ಗೂಟವಾಗಿ ನಿಂತೆ. ಗ್ಯಾಲರಿಯಲ್ಲಿ ಕಡಲೆ ಸಿಪ್ಪೆ ಉಗಿಯುವುದು ನಿಂತಿತ್ತು. ಅಮ್ಮ ಮಡಿಲು ನೋಡುತ್ತಾ ಕೂತಿದ್ದಳು. ವಿಚಿತ್ರ ಏನೆಂದರೆ, ಆ ಕ್ಷಣ ನನಗೆ ಅವಮಾನ ಕೂಡ ಆಗಲಿಲ್ಲ. ಅದು ಬಂದದ್ದು ಮಾತ್ರೆಯ ಗುಣ ಇಳಿದ ಮೇಲೆ, ಬಡ್ಡಿ ಸಮೇತ. ಮನೆಯಿಂದ ಅಮ್ಮ ಕಡಲ ಚಿಪ್ಪಿನ ಕಲ್ಲುಮ್ಮಕಾಯಿ ಹುರಿದು ತಂದಿದ್ದಳು. ಹೊಟ್ಟೆ ಸರಿ ಇರಲಿಲ್ಲವೇ ಎಂದಷ್ಟೇ ಕೇಳಿ, ಡಬ್ಬಿ ಇಟ್ಟು ಹೋದಳು. ನಾನು ಮುಟ್ಟಲಿಲ್ಲ.

ಬೆಳಿಗ್ಗೆ ಎದ್ದವಳೇ ಜಗಳಕ್ಕೆ ಹೋದೆ. ಕಣಾರೇಟ್ಟ ದಿನಾ ಬೆಳಿಗ್ಗೆ ಬಲೆಯ ಗಂಟುಗಳನ್ನು ಒಂದೊಂದಾಗಿ ಎಳೆದು ನೋಡುತ್ತಿದ್ದರು, ಆ ಕೆಲಸ ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಖಾಲಿ ಡೇರೆಯಲ್ಲಿ, ನೆಲಕ್ಕಿಳಿಸಿದ ಬಲೆಯ ಮೇಲೆ ಮಂಡಿಯೂರಿ ಕೂತಿದ್ದರು. ಏಳು ವರ್ಷದ ಮರ್ಯಾದೆಯನ್ನೆಲ್ಲ ಬದಿಗಿಟ್ಟು ಬಾಯಿಗೆ ಬಂದದ್ದು ಅಂದೆ. ನಡುಗುವಾಗೆಲ್ಲ ಹತ್ತಿಸಿದಿರಿ, ನೆಟ್ಟಗೆ ನಿಂತ ಒಂದು ದಿನ ಇಳಿಸಿದಿರಿ, ಅದೂ ನಮ್ಮ ಊರಲ್ಲಿ, ನಮ್ಮಮ್ಮನ ಎದುರು, ಸಾನುಮಾಯಾ ನಿಮಗೆ ಏನು ಕೊಟ್ಟಳು ಎಂದೂ ಅಂದೆ. ಆ ಕೊನೆಯ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ.

ಅವರು ಒಂದು ಗಂಟನ್ನು ಜಗ್ಗಿ ನೋಡಿ, ಮುಂದಿನದಕ್ಕೆ ಹೋದರು.

“ನಿನ್ನೆ ಏನು ನುಂಗಿದ್ದೆ?”

ಏನೂ ಇಲ್ಲ ಅಂದೆ. ಅವರು ತಲೆ ಎತ್ತಿ ನನ್ನ ಮುಖ ನೋಡಿದರು. ಆ ನೋಟದ ಎದುರು ಸುಳ್ಳು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮಾತ್ರೆಯ ವಿಷಯ ಹೇಳಿದೆ. ಡೇರೆಯೊಳಗೆ ಆಡಬಾರದ ಮಾತನ್ನೂ ಆಡಿದೆ.

“ಎದೆ ಹೊಡ್ಕೊಳ್ತಿತ್ತು ಕಣಾರೇಟ್ಟ. ಹೆದರಿಕೆ. ಅದು ಇದ್ರೆ ಮತ್ತೆ ಬೀಳ್ತೀನಿ ಅಂತ.”

“ನೆಗಡಿ ಬಂತು ಅಂತ ಮೂಗೇ ಕೊಯ್ಕೊಂಡ್ಯಲ್ಲ ಮಾರಾಯ್ತಿ.”

ಹಾಗಾದರೆ ನೀವು ಏಣಿಯ ಬುಡದಲ್ಲಿ ಹಿಡಿಯುತ್ತಿದ್ದದ್ದು ಏನನ್ನು ಎಂದು ಕೇಳಿದೆ. ನಾಡಿಯನ್ನು ಅಂದರು, ಮತ್ತೇನು, ಮಂತ್ರ ಹಾಕ್ತೀನಿ ಅಂದುಕೊಂಡಿದ್ದೆಯಾ ಎಂದು ಅವರೇ ಕೇಳಿದರು. ಬ್ಯಾಂಡಿನ ಒಂದು ಸುತ್ತಿಗೆ ಯಾರ ನಾಡಿ ಎಷ್ಟು ಹೊಡೆಯುತ್ತದೆ ಎಂದು ಅವರ ಬೆರಳಿಗೆ ಗೊತ್ತಂತೆ. ನನ್ನ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು. ಏಳು ವರ್ಷದ ಪಾತ್ರೆಯ ಮುಚ್ಚಳ ಸರಿದಿತ್ತು. ಅವರ ಎದುರು ಬಲೆಯ ಮೇಲೆ ಕೂತೆ.

“ನಿನ್ನೆ ನಂದು ನಿಧಾನ ಇತ್ತು. ನಿಧಾನ ಇದ್ರೆ ಒಳ್ಳೇದಲ್ವಾ?”

“ಮಲಗೋಕೆ ಒಳ್ಳೇದು. ಮೇಲಿಂದ ಹಾರೋಕಲ್ಲ.” ಅವರೇ ಮುಂದುವರಿಸಿದರು. “ಮನೆಗೆ ನೆಂಟರು ಬರ್ತಾರೆ ಅಂದ್ರೆ ಅಡುಗೆಮನೇಲಿ ಸದ್ದಿರುತ್ತೆ ಅಲ್ವಾ? ಪಾತ್ರೆ, ಒರಳು, ಒಲೆ. ಆ ಸದ್ದು ಕೇಳಿ ಯಾರಾದ್ರೂ ಮನೆ ಬೀಳ್ತಿದೆ ಅಂತಾರಾ? ನಿನ್ನೆ ನಿನ್ನ ಅಡುಗೆಮನೇಲಿ ಒಲೆನೇ ಹಚ್ಚಿರಲಿಲ್ಲ. ನೆಂಟ್ರಿಗೆ ಏನು ಬಡಿಸ್ತಿದ್ದೆ?”

ತೀರಾ ಜಾಸ್ತಿ ಇದ್ದರೂ ಕಳಿಸುತ್ತೀರಾ ಎಂದು ಕೇಳಿದೆ. ಇಲ್ಲವಂತೆ. ನಾಡಿ ಎಣಿಕೆ ತಪ್ಪಿ ಓಡಿದರೆ, ಕಣ್ಣು ಎಲ್ಲೂ ನಿಲ್ಲದಿದ್ದರೆ ಪುಡಿ ಸಾಲದು ಎಂದೋ ಬೆಲ್ಟು ಸಡಿಲ ಎಂದೋ ನೆಪ ಹೇಳಿ ಹಿಂದಕ್ಕೆ ಕಳಿಸುತ್ತಾರಂತೆ. ದಾಮೋದರನನ್ನು ಹಾಗೆ ಎರಡು ಸಲ ಕಳಿಸಿದ್ದು ನನಗೂ ನೆನಪಿತ್ತು. ನಾನು ಆಗ ಬೆಲ್ಟನ್ನೇ ಬೈದಿದ್ದೆ.

“ಈ ತಿಂಗಳೆಲ್ಲ ನಿನ್ನ ನಾಡಿ ಚೆನ್ನಾಗೇ ಇತ್ತು. ನೀನು ಅದರ ಜೊತೆ ಜಗಳಕ್ಕೆ ನಿಂತಿದ್ದೆ, ಅಷ್ಟೇ.”

“ಚೆನ್ನಾಗಿದ್ರೆ ಸೇಲಂನಲ್ಲಿ ಯಾಕೆ ಬಿದ್ದೆ ಮತ್ತೆ?”

ಅವರ ಕೈ ಗಂಟಿನ ಮೇಲೆ ನಿಂತಿತು. ಸೇಲಂನಲ್ಲಿ ಏಣಿ ಹತ್ತುವಾಗ ಏನು ಯೋಚಿಸುತ್ತಿದ್ದೆ ನೆನಪು ಮಾಡಿಕೋ ಅಂದರು. ನೆನಪು ಮಾಡಿಕೊಂಡೆ. ಭಾನುವಾರ, ಮೂರನೆಯ ಆಟ, ಬೆಳಿಗ್ಗೆಯಿಂದ ಅದೇ ರಾಗ, ಅದೇ ಏಣಿ. ಎದೆ ಹೊಡೆದುಕೊಂಡಿತ್ತೇ? ಇಲ್ಲ. ನಿಜ ಹೇಳಬೇಕೆಂದರೆ ಇಳಿದು ಹೋಗುವಷ್ಟರಲ್ಲಿ ಮೀನು ಸಾರು ಉಳಿದಿರುತ್ತದೋ ಇಲ್ಲವೋ ಎಂದು ಯೋಚಿಸುತ್ತಾ ಹತ್ತಿದ್ದೆ. ಎದೆ ಹೊಡೆಯಲು ಶುರುವಾದದ್ದು ಬಿದ್ದ ಮೇಲೆ. ಅದರ ಮೊದಲು ಅಲ್ಲ. ಇಷ್ಟು ದಿನ ನಾನು ಲೆಕ್ಕವನ್ನೇ ತಲೆಕೆಳಗು ಮಾಡಿಕೊಂಡು ಕೂತಿದ್ದೆ.

“ಅವತ್ತು ನಿನ್ನ ನಾಡಿ ನಿದ್ದೆ ಮಾಡ್ತಿತ್ತು,” ಅಂದರು ಕಣಾರೇಟ್ಟ. “ನನ್ನ ಬೆರಳಿಗೆ ಗೊತ್ತಾಯ್ತು. ಮೂರನೇ ಆಟ, ಎಲ್ಲರದ್ದೂ ಹಾಗೇ ಇರುತ್ತೆ ಅಂತ ಬಿಟ್ಟೆ. ಬಿದ್ದಿದ್ದು ನೀನು, ತಪ್ಪು ನಂದು.”

ಸೇಲಂನಿಂದ ಇತ್ತ ಅವರು ಬಲೆಯ ಗಂಟುಗಳನ್ನು ಎರಡೆರಡು ಸಲ ನೋಡುತ್ತಿದ್ದರೆಂದು ಆಮೇಲೆ ಅಡುಗೆಯವರು ಹೇಳಿದರು. ಮಾತು ಬದಲಿಸಲು ಸಾನುಮಾಯಾಳ ನಾಡಿ ಹೇಗಿರುತ್ತದೆ ಎಂದು ಕೇಳಿದೆ. ಒಬ್ಬರ ಕೈಯ ಮಾತು ಇನ್ನೊಬ್ಬರಿಗೆ ಹೇಳುವುದಿಲ್ಲ ಎಂದು ಗದರಿದರು. ಹಾಗಾದರೆ ನಿಮ್ಮದು?

“ನಂದು ಯಾರು ನೋಡ್ತಾರೆ?” ಎಂದು ಎದ್ದು ಮುಂಡು ಝಾಡಿಸಿದರು. “ಹೋಗು, ಪುಟ್ಟು ಆರಿಹೋಗುತ್ತೆ.”

ಆ ಬೆಳಿಗ್ಗೆಯೆಲ್ಲ ನಾನು ನನ್ನ ಮಣಿಕಟ್ಟನ್ನು ನಾನೇ ಹಿಡಿದುಕೊಂಡು ತಿರುಗಿದೆ. ಪುಟ್ಟು ತಿನ್ನುವಾಗ ಎಷ್ಟು, ಹಗ್ಗ ಹತ್ತಿ ಇಳಿದ ಮೇಲೆ ಎಷ್ಟು, ಮ್ಯಾನೇಜರನ್ನು ಕಂಡರೆ ಎಷ್ಟು. ಮ್ಯಾನೇಜರನ್ನು ಕಂಡಾಗಲೇ ಹೆಚ್ಚು. ಇವತ್ತೇ ಕೊನೆಯ ದಿನ ನೆನಪಿದೆ ತಾನೇ ಎಂದು ಅವರು ಅಂದಾಗ ನಾಡಿ ಬೆರಳನ್ನೇ ಒದೆಯಿತು. ಮಾತ್ರೆಯ ಪೊಟ್ಟಣ ಪೆಟ್ಟಿಗೆಯಲ್ಲೇ ಇತ್ತು. ಮಧ್ಯಾಹ್ನ ಮೂರಕ್ಕೆ ಒಂದು ಸಲ ತೆರೆದೂ ನೋಡಿದೆ. ಸುಳ್ಳೇಕೆ ಹೇಳಲಿ, ಆಸೆಯಾಯಿತು. ಮುಚ್ಚಿಟ್ಟೆ.

ನಾಲ್ಕರ ಆಟಕ್ಕೆ ಗ್ಯಾಲರಿ ತುಂಬಿತ್ತು. ನಿನ್ನೆ ಇಳಿಸಿದ ಹುಡುಗಿಯನ್ನು ಇವತ್ತು ಹತ್ತಿಸುತ್ತಾರೋ ಎಂದು ನೋಡಲು ಬಂದವರೇ ಅರ್ಧ ಇದ್ದಿರಬೇಕು. ಅಮ್ಮ ಅದೇ ಜಾಗದಲ್ಲಿ ಇದ್ದಳು. ಕೊಂಬು ಕೂಗಿತು, ಡೋಲು ಶುರುವಾಯಿತು. ನನ್ನ ಒಳಗಿನದೂ. ನಿಲ್ಲು ಎಂದು ಹೇಳಲು ಬಾಯಿವರೆಗೆ ಬಂದದ್ದನ್ನು ನುಂಗಿಕೊಂಡು, ಸರಿ, ಏನೇನು ಬೇಯಿಸುತ್ತೀಯೋ ನೋಡೋಣ ಅಂದುಕೊಂಡೆ.

ಕಣಾರೇಟ್ಟ ಮಣಿಕಟ್ಟು ಹಿಡಿದರು. ಒಂದು ಸುತ್ತು. “ಹೋಗು.”

ಮೇಲೆ ಹಲಗೆಯ ಮೇಲೆ ನಿಂತಾಗ, ಅದರ ಕಾವಲು ಕಾಯುವ ಬದಲು, ಅದು ಏನು ಮಾಡುತ್ತಿದೆ ಎಂದು ಗಮನಿಸಿದೆ. ಬೆರಳ ತುದಿ ಬೆಚ್ಚಗಾಗಿತ್ತು. ಉಯ್ಯಾಲೆಯ ಹಿಡಿಗೆ ಸುತ್ತಿದ ಬಟ್ಟೆಯ ನೂಲು ಒಂದೊಂದೂ ಕಾಣುತ್ತಿತ್ತು. ಆಚೆ ಕಣಾರೇಟ್ಟನ ಉಯ್ಯಾಲೆಯ ಹಗ್ಗ ಕಿರುಗುಟ್ಟುವ ಸದ್ದು ಬ್ಯಾಂಡನ್ನು ಸೀಳಿಕೊಂಡು ನನಗೆ ಕೇಳಿಸಿತು. ಇಷ್ಟನ್ನೂ ತಂದುಕೊಟ್ಟದ್ದು ಆ ಡವಡವವೇ. ನಿನ್ನೆ ನನಗೆ ಕಂಡದ್ದು ಬ್ಯಾಂಡ್ ಮೇಷ್ಟ್ರ ಗುಂಡಿ ಮಾತ್ರ.

ಹಾರಿದೆ. ಒಂದು ಲಾಗ, ಎರಡು ಲಾಗ, ಕೈ ಚಾಚಿದೆ. ಕೈ ಅಲ್ಲೇ ಇತ್ತು.

ಗಾಳಿಯಲ್ಲಿ ಹಿಡಿಯುವುದು ಬೆರಳಿಗೆ ಬೆರಳು ಅಲ್ಲ. ಅವರ ಬೆರಳು ನನ್ನ ಮಣಿಕಟ್ಟಿಗೆ, ನನ್ನ ಬೆರಳು ಅವರ ಮಣಿಕಟ್ಟಿಗೆ. ಹಾಗೆ ಕಚ್ಚಿ ಹಿಡಿದು ತೂಗುವಾಗ ನನ್ನ ಬೆರಳಡಿ ಏನೋ ಹೊಡೆಯುತ್ತಿತ್ತು. ಏಳು ವರ್ಷವೂ ಅದು ಹೊಡೆದಿತ್ತು, ಅದು ನನ್ನದೇ ಅಂದುಕೊಂಡಿದ್ದೆ. ಅವತ್ತು ಬೆಳಿಗ್ಗೆಯಿಂದ ನನ್ನ ನಾಡಿ ಎಣಿಸಿ ಎಣಿಸಿ ಅದರ ನಡೆ ನನಗೆ ಬಾಯಿಪಾಠವಾಗಿತ್ತು. ಇದು ನನ್ನದಲ್ಲ. ನನ್ನದು ಒಂದು ಕಡೆ ಓಡುತ್ತಿತ್ತು, ಇದು ಅದಕ್ಕೆ ತಾಳ ಸೇರದೆ, ಇನ್ನೂ ಭಾರವಾಗಿ, ಇನ್ನೂ ಜೋರಾಗಿ ಹೊಡೆಯುತ್ತಿತ್ತು. ಕತ್ತೆತ್ತಿ ನೋಡಿದೆ. ತಲೆಕೆಳಗಾದ ಆ ಮುಖ ಕೂತುಪರಂಬಿನ ಬಸ್ಸಿಗೆ ಕಾಯುತ್ತಿತ್ತು. ಒಳಗೆ ಮಾತ್ರ ಡೋಲಿನ ಮೇಲೆ ಡೋಲು. ಇಪ್ಪತ್ತೆರಡು ವರ್ಷದಿಂದ ಜನರನ್ನು ಹಿಡಿಯುವ ಮನುಷ್ಯ, ದಿನಕ್ಕೆ ಎರಡು ಮೂರು ಆಟ, ಐದೂ ಜನರಿಗೂ ಹೀಗೇ. ನನಗೆ ಗಾಳಿಯಲ್ಲೇ ಅಳು ಬಂತು, ಅದರ ಹಿಂದೆಯೇ ನಗು. ನಗುತ್ತಲೇ ತಿರುಗಿ ನನ್ನ ಹಲಗೆಗೆ ಹಾರಿದೆ.

ತಲಶ್ಶೇರಿ ಚಪ್ಪಾಳೆ ತಟ್ಟಿತು, ಸ್ವಲ್ಪ ತಡವಾಗಿ, ಲೆಕ್ಕ ಹಾಕಿ. ನಡುವಿನ ಜಾಗದ ಮಾತನ್ನು ಮ್ಯಾನೇಜರು ಮತ್ತೆ ಎತ್ತಲಿಲ್ಲ. ಅಮ್ಮನನ್ನು ಅವತ್ತು ಸಂಜೆ ಅಡುಗೆಯವರ ಹತ್ತಿರ ಕಂಡೆ, ಜೀರಿಗೆ ನೀರು ಕುಡಿಯುತ್ತಿದ್ದಳು. ಹಳೆಯ ಅಭ್ಯಾಸ, ನಿನ್ನ ಆಟ ನೋಡುವ ದಿನ ಬೇಕಾಗುತ್ತದೆ ಅಂದಳು.

ಏಳರ ಆಟದಲ್ಲಿ ಕಣಾರೇಟ್ಟ ಎಂದಿನಂತೆ ನನ್ನ ಮಣಿಕಟ್ಟು ಹಿಡಿದರು. ಒಂದು ಸುತ್ತು ಮುಗಿದು ‘ಹೋಗು’ ಅಂದರು. ನಾನು ಹೋಗಲಿಲ್ಲ. ಬೆರಳು ತಿರುಗಿಸಿ ಅವರ ಮಣಿಕಟ್ಟು ಹಿಡಿದುಕೊಂಡೆ. ಅವರು ಕೈ ಎಳೆದುಕೊಳ್ಳಲು ನೋಡಿದರು, ಬಿಡಲಿಲ್ಲ. ಬ್ಯಾಂಡಿನವರು ಇನ್ನೊಂದು ಸುತ್ತು ಬಾರಿಸಿದರು. ಹಿಂದೆ ಸಾಲಿನಲ್ಲಿ ನಿಂತ ಸಾನುಮಾಯಾ ಕತ್ತು ಚಾಚಿ ನೋಡುತ್ತಿದ್ದಳು. ಸುತ್ತು ಮುಗಿಯುವ ತನಕ ಎಣಿಸಿದೆ. ಒಲೆ ಚೆನ್ನಾಗಿ ಹತ್ತಿತ್ತು.

“ಸರಿ ಇದೆ ಕಣಾರೇಟ್ಟ,” ಅಂದೆ. “ನೀವೂ ಹೋಗಿ.”